ಗೈಡ್ ಆಗಿರೋ ಲೆಕ್ಚರರ್ ಜೊತೆನೇ ಲವ್, ಮನೇಲಿ ಹೆಂಗೆ ಹೇಳೋದು? (ದಾವಣಗೆರೆ)

ಮೆಕ್ಕೆಜೋಳ:
ಹೊಸ ಐಡಿ ಮಾಡ್ಕೊಂಡು ಬರೀತಿದೀನಿ, ಹಳೇ ಐಡಿ ನನ್ ಕ್ಲಾಸ್‌ಮೇಟ್ಸ್‌ಗೆಲ್ಲ ಗೊತ್ತು. ವಯಸ್ಸು 22, ಎಂ.ಎ ಹಿಸ್ಟರಿ ಕೊನೇ ವರ್ಷ, ದಾವಣಗೆರೇಲಿ ಹಾಸ್ಟೆಲಲ್ಲಿ ಇದೀನಿ. ಊರು ಜಗಳೂರು ತಾಲೂಕು, ಅಪ್ಪಂದು ಬೇಸಾಯ. ಲವ್ ಮಾಡ್ತಿರೋದು ನಮ್ ಡಿಪಾರ್ಟ್‌ಮೆಂಟಿನ ಅಸಿಸ್ಟೆಂಟ್ ಪ್ರೊಫೆಸರನ್ನ. ಅವರಿಗೆ 34, ಮದುವೆ ಆಗಿಲ್ಲ, ಪರ್ಮನೆಂಟ್ ಕೆಲಸ. ಬೈಯೋರು ಬೈರಿ, ಆದ್ರೆ ಅವರೇನೂ ನನ್ನ ಬಲೆಗೆ ಹಾಕ್ಕೊಂಡಿದ್ದಲ್ಲ, ಮೊದ್ಲು ಬಾಯಿ ಬಿಟ್ಟು ಹೇಳಿದ್ದು ನಾನೇ.

ನನ್ ಪ್ರಾಜೆಕ್ಟ್ ಹರಿಹರೇಶ್ವರ ದೇವಸ್ಥಾನದ ಶಾಸನಗಳ ಮೇಲೆ, ಗೈಡ್ ಅವರೇ. ಫೀಲ್ಡ್‌ವರ್ಕ್ ಅಂತ ಕ್ಲಾಸಿನೋರೆಲ್ಲ ಹರಿಹರಕ್ಕೆ ಹೋಗಿದ್ವಿ. ಶಾಸನದ ಕಲ್ಲಿನ ಮುಂದೆ ನಾನು ಪೆಚ್ಚಾಗಿ ನಿಂತಿದ್ದೆ, ಆ ಲಿಪಿ ಒಂದಕ್ಷರ ತಲೆಗೆ ಹತ್ತಲ್ಲ ನಂಗೆ. ಅವರು ಬಾಟ್ಲಿ ನೀರು ಅಂಗೈಗೆ ಹಾಕ್ಕೊಂಡು ಕಲ್ಲು ಒದ್ದೆ ಮಾಡಿದ್ರು, ಅಕ್ಷರ ಎದ್ದು ಕಾಣ್ತು, "ಪೊ, ಲಾ, ಳ್ವ, ಈಗ ಕೂಡ್ಸಿ ಓದು" ಅಂದ್ರು. ಪೊಲಾಳ್ವ, 1224ರಲ್ಲಿ ಆ ಗುಡಿ ಕಟ್ಟಿಸಿದ ಹೊಯ್ಸಳರ ದಂಡನಾಯಕ. ಉಳಿದೋರೆಲ್ಲ ಸೆಲ್ಫಿ ತಗೊಳ್ತಿದ್ರು. ನಾನು ಅಲ್ಲೇ ಬಿದ್ದೋದೆ ಅಂತ ಇಟ್ಕೊಳಿ.

ಈಗ ಮನೇಲಿ ಗಂಡು ನೋಡಾಕೆ ಶುರು ಮಾಡಿದಾರೆ. ಇವರದ್ದು ನಮ್ದು ಜಾತಿ ಬೇರೆ, ಅದ್ರ ಮೇಲೆ ಮೇಷ್ಟ್ರು ಅಂದ್ರೆ ಅಪ್ಪ ಕೊಡಲಿ ಹಿಡಿಯೋದೊಂದೇ ಬಾಕಿ. ವೈವಾ ಮುಗಿಯೋವರೆಗೂ ಯಾರಿಗೂ ಗೊತ್ತಾಗೋದು ಬೇಡ ಅಂತಾರೆ ಇವರು. ಅಲ್ಲೀವರೆಗೆ ಗಂಡಿನ ಕಡೆಯೋರನ್ನ ಹೆಂಗೆ ಮುಂದೂಡೋದು, ಆಮೇಲೆ ಮನೇಲಿ ಹೆಂಗೆ ಬಾಯಿ ಬಿಡೋದು, ಇದನ್ನ ದಾಟಿ ಬಂದೋರು ಯಾರಾದ್ರೂ ಇದ್ರೆ ಹೇಳಿ.

ಮಂಡಕ್ಕಿ_ಮಾಮ:
ತಂಗೀ, ಗೊತ್ತಾಗೋದು ಬೇಡ ಅನ್ನೋ ಮಾತು ಈ ಊರಲ್ಲಿ ನಡೆಯಲ್ಲವ್ವ. ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಬರೋರಲ್ಲಿ ಅರ್ಧ ಜನ ರಿಟೈರ್ಡ್ ಮೇಷ್ಟ್ರುಗಳು. ಗಾಜಿನ ಮನೆ ಹತ್ರ ಇಬ್ರು ನಿಂತಿದ್ರೆ ಕತ್ತಲಾಗೋದ್ರೊಳಗೆ ಪಿ.ಜೆ. ಬಡಾವಣೆಗೆ ಸುದ್ದಿ ಮುಟ್ಟಿರುತ್ತೆ. ಮಿರ್ಚಿ ತಿನ್ನಾಕೆ ಒಟ್ಟಿಗೆ ಹೋಗಿದ್ರೆ ಮುಗೀತು, ಆ ಗಾಡಿಯೋನಿಗೆ ನಿಮ್ ಇಡೀ ಡಿಪಾರ್ಟ್‌ಮೆಂಟೇ ಗಿರಾಕಿ ಇರ್ತೈತೆ.

ಬೆಣ್ಣೆ_ಜಾಸ್ತಿ_ಹಾಕಿ:
ಹಂಗಾದ್ರೆ ಇಂಟರ್ನಲ್ಸ್ 20ಕ್ಕೆ 20 ಅನ್ನಿ 😂😂 ನಮ್ಗೂ ಅಂಥ ಮೇಡಂ ಯಾಕ್ ಸಿಗ್ಲಿಲ್ಲ ದೇವ್ರೇ

ಸಾಸ್ವೆಹಳ್ಳಿ_ಮೇಷ್ಟ್ರು:
ನಗೋ ವಿಷಯ ಅಲ್ಲ ಇದು. ಗುರು ಅಂದ್ರೆ ತಂದೆ ಸಮಾನ ಅಂತ ಕೇಳ್ಕೊಂಡು ಬೆಳೆದೋರು ನಾವು. ಕಚ ದೇವಯಾನಿ ಕಥೆ ಗೊತ್ತಿಲ್ವಾ? ದೇವಯಾನಿ ತಾನಾಗೇ ಬಂದು ಕೇಳ್ಕೊಂಡ್ರೂ ಕಚ ಗುರುಪುತ್ರಿ ತಂಗಿ ಸಮಾನ ಅಂತ ದೂರ ಸರಿದ. ಆ ಮೇಷ್ಟ್ರಿಗೆ ಅಷ್ಟೂ ವಿವೇಕ ಬೇಡ್ವಾ, ಹುಡುಗಿ ತಾನಾಗೇ ಹೇಳಿದ್ಲು ಅಂದ ತಕ್ಷಣ ಹೂಂ ಅನ್ನೋದಾ.

ದುರ್ಗದ_ಹೈದ:
ಸಾರ್ ನಿಮ್ ಕಥೇಲಿ ಮೇಷ್ಟ್ರು ಶುಕ್ರಾಚಾರ್ಯರು, ಲವ್ ಆಗಿದ್ದು ಅವರ ಮಗಳಿಗೂ ಸ್ಟೂಡೆಂಟಿಗೂ. ಇಲ್ಲಿಗೆ ಹೊಂದಲ್ಲ. ನಮ್ ಚಿತ್ರದುರ್ಗದಲ್ಲೂ ಲೆಕ್ಚರರ್ರನ್ನೇ ಮದ್ವೆ ಆದ ಅಕ್ಕಂದ್ರು ಇದಾರೆ, ಚೆನ್ನಾಗೇ ಇದಾರೆ. ಇಬ್ರೂ ಮೇಜರು, ಮದ್ವೆ ಆಗದೋರು, ಮಧ್ಯ ನಮ್ದೇನ್ರಿ.

ಮೆಕ್ಕೆಜೋಳ:
ಥ್ಯಾಂಕ್ಸ್ ಅಣ್ಣ. ಆ ಬೆಣ್ಣೆ ಅನ್ನೋರಿಗೆ ಒಂದ್ ಮಾತು, 20ಕ್ಕೆ 20 ಅಲ್ಲ, 14 ಬಂದಿದೆ ನಂಗೆ. ನಮ್ ಬಗ್ಗೆ ಯಾರಿಗೋ ಡೌಟ್ ಬಂದಿತ್ತು. ನೋಟಿಸ್ ಬೋರ್ಡಲ್ಲಿ ಹೋದ ಸೆಮ್ ಇಂಟರ್ನಲ್ಸ್ ಲಿಸ್ಟ್ ಹಾಕಿದಾಗ ನನ್ ರಿಜಿಸ್ಟರ್ ನಂಬರ್ ಪಕ್ಕ ಪೆನ್ಸಿಲಲ್ಲಿ ಯಾರೋ ಹಾರ್ಟ್ ಬರೆದಿದ್ರು. ಅದಕ್ಕೇ ಈ ಸಲ ಜನ ಮಾತಾಡ್ಬಾರ್ದು ಅಂತ ಬೇಕಂತಲೇ ಕಮ್ಮಿ ಹಾಕಿದ್ದು, ಹಾಕೋ ಮುಂಚೆ ನಂಗೆ ಹೇಳೇ ಹಾಕಿದ್ರು. ನನ್ನ ಉಪಯೋಗಿಸ್ಕೊಳ್ಳೋ ಮನುಷ್ಯ ಆಗಿದ್ರೆ ಹಿಂಗೆ ಮಾಡ್ತಿದ್ರಾ ಹೇಳಿ.

ಪಿಬಿ_ರೋಡ್_ಪುಟ್ಟಿ:
ಒಂದ್ನಿಮಿಷ ಒಂದ್ನಿಮಿಷ. ನೀನು ಬರೆದಿದ್ದಕ್ಕೆ ನಿಜವಾಗ್ಲೂ ಎಷ್ಟು ಬರ್ಬೇಕಿತ್ತು?

ಮೆಕ್ಕೆಜೋಳ:
18 ಅಂತ ಅವರೇ ಹೇಳಿದ್ರು.

ಪಿಬಿ_ರೋಡ್_ಪುಟ್ಟಿ:
ಅಂದ್ರೆ ನಿನ್ನ ನಾಲ್ಕು ಮಾರ್ಕ್ಸ್ ಕಿತ್ಕೊಂಡು ತಮ್ಮ ಮರ್ಯಾದೆಗೆ ಕವರ್ ಹಾಕ್ಕೊಂಡ್ರು, ಅದನ್ನ ನಿಂಗೆ ಪ್ರೀತಿ ಅಂತ ಹೇಳಿದ್ರು, ನೀನು ಇಲ್ಲಿ ಬಂದು ನಮ್ಗೆ ಒಳ್ಳೇತನ ಅಂತ ಹೇಳ್ತಿದೀಯ. ಜಾತಿ ಗೀತಿ ಆಮೇಲೆ ನೋಡನ, ಮೊದ್ಲು ಇದು ಹೇಳು, ನಾಳೆ ನಿಮ್ಮಿಬ್ರಿಗೂ ಜಗಳ ಆಯ್ತು ಅಂದ್ಕೊ, ಆಗ ಪ್ರಾಜೆಕ್ಟಿಗೆ ಎಷ್ಟು ಹಾಕ್ತಾರೆ?

ದುರ್ಗದ_ಹೈದ:
ಅದು ಸ್ವಲ್ಪ ಓವರ್ ಆಯ್ತು ಪುಟ್ಟಿ. ಜಾಸ್ತಿ ಹಾಕಿದ್ರೆ ಫೇವರ್ ಮಾಡ್ದ ಅಂತೀರ, ಕಮ್ಮಿ ಹಾಕಿದ್ರೆ ಕಿತ್ಕೊಂಡ ಅಂತೀರ, ಪಾಪ ಏನ್ ಮಾಡ್ಬೇಕು ಆತ.

ಪಿಬಿ_ರೋಡ್_ಪುಟ್ಟಿ:
ಅದನ್ನೇ ನಾನೂ ಹೇಳ್ತಿರೋದು ಮಾರಾಯ. ಎಷ್ಟು ಹಾಕಿದ್ರೂ ತಪ್ಪೇ ಆಗುತ್ತೆ ಅಂದ್ಮೇಲೆ ಆ ಪೇಪರ್ ಅವರು ಮುಟ್ಲೇಬಾರ್ದಿತ್ತು. ನನ್ನ ಸ್ಟೂಡೆಂಟ್ ಒಬ್ಬಳು ಸಂಬಂಧ ಆಗ್ತಾಳೆ, ಅವಳ ಗೈಡ್‌ಶಿಪ್ ಬೇರೆಯೋರಿಗೆ ಕೊಡಿ ಅಂತ ಎಚ್‌ಒಡಿ ಹತ್ರ ಒಂದ್ ಮಾತು ಹೇಳಿದ್ರೆ ಮುಗೀತಿತ್ತು. 34 ವರ್ಷ ಆ ಮನುಷ್ಯನಿಗೆ, ಪಿಯುಸಿ ಹುಡುಗ ಅಲ್ಲ.

ಸುಮಕ್ಕ_ಹರಿಹರ:
ದಾಟಿ ಬಂದೋರು ಅಂದ್ಯಲ್ಲಮ್ಮ, ಅದಕ್ಕೇ ಬರೀತಿದೀನಿ. ನಮ್ಮನೆಯೋರು ನನಗೆ ಎಂ.ಎಸ್ಸಿಗೆ ಪಾಠ ಮಾಡ್ದೋರೇ. ಈಗ ಮಗಳು ಪಿಯುಸಿ ಓದ್ತಿದಾಳೆ. ಒಳ್ಳೇ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ನನ್ ರಿಸಲ್ಟ್ ಬರೋವರೆಗೂ ತುಟಿ ಬಿಚ್ಚಿರ್ಲಿಲ್ಲ, ಬಂದ್ಮೇಲೆ ಅವರ ಸೋದರಮಾವನ್ನ ಕಳ್ಸಿ ಮನೇಲಿ ಕೇಳ್ಸಿದ್ರು. ಇಷ್ಟು ನೆಟ್ಟಗೆ ನಡ್ಕೊಂಡ್ರೂ ಏನಾಯ್ತು ಗೊತ್ತಾ, ನಂಗೆ ಬಂದ ಫಸ್ಟ್ ಕ್ಲಾಸ್ ಇವತ್ತಿಗೂ ಜನರ ಬಾಯಲ್ಲಿ ಅವರದ್ದು. ಒಂದು ಪ್ರೈವೇಟ್ ಕಾಲೇಜಿಗೆ ಇಂಟರ್‌ವ್ಯೂಗೆ ಹೋದಾಗ ಕಮಿಟೀಲಿದ್ದ ಹಿರಿಯರೊಬ್ರು ನನ್ ಮಾರ್ಕ್ಸ್ ಕಾರ್ಡ್ ಹಿಡ್ಕೊಂಡು "ಇದು ಯಜಮಾನ್ರ ಆಶೀರ್ವಾದನೇನಮ್ಮ" ಅಂತ ನಕ್ರು. ಪಕ್ಕದೋರೂ ನಕ್ರು. ನಾನೂ ನಕ್ಕೆ, ಇನ್ನೇನ್ ಮಾಡ್ಲಿ.

ಇನ್ನೊಂದು ಮಾತು, ಯಾರೂ ಹೇಳಲ್ಲ ಇದನ್ನ. ಮದುವೆ ಆದ್ಮೇಲೂ ನಾನು ಸುಮಾರು ದಿನ ಅವರನ್ನ ಸಾರ್ ಅಂತಲೇ ಕರೀತಿದ್ದೆ. ಅತ್ತೆ, ನಾದ್ನಿ ಎಲ್ಲ ಆಡ್ಕೊಂಡು ನಗೋರು. ಕರೆಯೋದು ಬಿಟ್ಟೆ, ಆದ್ರೆ ಮನೇಲಿ ಏನೇ ಮಾತು ಬಂದ್ರೂ ಅವರು ವಿವರ್ಸೋದು, ನಾನು ಕೇಳಿಸ್ಕೊಳೋದು, ಈ ಅಭ್ಯಾಸ ಹೋಗಾಕೆ ಬಹಳ ವರ್ಷ ಹಿಡೀತು. ಗ್ಯಾಸ್ ಸ್ಟೌ ಯಾವುದು ತಗೊಳ್ಳಣ ಅಂದ್ರೂ ಲೆಕ್ಚರ್. ಅವರಿಗೂ ಗೊತ್ತಾಗ್ತಿರ್ಲಿಲ್ಲ ಪಾಪ.

ಅತಿಥಿ_ಉಪನ್ಯಾಸಕ_77:
ಸುಮಕ್ಕ ಹೇಳಿದ್ದು ನೂರಕ್ಕೆ ನೂರು. ನಾನು ಪಾಠ ಮಾಡೋನೇ, ಅತಿಥಿ ಉಪನ್ಯಾಸಕ. ನಮ್ಮಂಥೋರ ಮೇಲೆ ಒಂದು ಗುಸುಗುಸು ಬಂದ್ರೆ ಸಾಕು, ಮುಂದಿನ ವರ್ಷ ಲಿಸ್ಟಲ್ಲಿ ಹೆಸರಿರಲ್ಲ, ಪರ್ಮನೆಂಟ್ ಆದೋರಿಗೆ ಆ ಭಯನೂ ಇಲ್ಲ. ಒಳಗಿನ ವಿಷಯ ಹೇಳ್ತೀನಿ ಕೇಳು ತಂಗಿ. ಮೂವತ್ತು ಜನರ ಮುಂದೆ ನಿಂತು ಚೆನ್ನಾಗಿ ಮಾತಾಡೋ ಯಾವ ಮೇಷ್ಟ್ರ ಮೇಲೂ ಒಂದಿಬ್ರಿಗೆ ಹಂಗೆ ಅನ್ಸೇ ಅನ್ಸುತ್ತೆ, ನಮ್ಗೂ ಗೊತ್ತಾಗುತ್ತೆ, ಕುಶಿನೂ ಆಗುತ್ತೆ, ಸುಳ್ಳು ಯಾಕ್ ಹೇಳ್ಲಿ. ಅದನ್ನ ಗೊತ್ತಾಗದೇ ಇರೋರ ಥರ ನುಂಗ್ಕೊಂಡು ಮುಂದಿನ ಪುಟ ತಿರುವೋದು ಸಂಬಳದಲ್ಲೇ ಸೇರಿರೋ ಕೆಲಸ. ಮೊದ್ಲು ಹೇಳಿದ್ದು ನಾನೇ ಅಂತ ನೀನು ಅವರ ಪರ ನಿಂತಿದೀಯ, ಸರಿ. ನೀನು ಹೇಳ್ಬಹುದು. ಅವರು ಆ ಹೊತ್ತಿಗೆ ಹೂಂ ಅನ್ನಂಗಿರ್ಲಿಲ್ಲ.

ವೇದಿಕೆ_ನಿರ್ವಾಹಕ:
ಇಬ್ಬರು ಕಾಲೇಜ್ ಹೆಸರು ಊಹೆ ಮಾಡಿ ಹಾಕಿದ್ರು, ತೆಗೆದಿದ್ದೇನೆ. ಮತ್ತೆ ಹಾಕಿದರೆ ಬ್ಯಾನ್.

ಕಪ್ಪುಕೋಟು:
ಲಾಯರ್ ನಾನು, ಕಾನೂನಿನ ಕಡೆಯಿಂದ ಒಂದಿಷ್ಟು. ಇಬ್ಬರೂ 18 ದಾಟಿದೋರು, ಒಪ್ಪಿ ಪ್ರೀತ್ಸಿದಾರೆ ಅಂದ್ರೆ ಅಷ್ಟಕ್ಕೇ ಅಪರಾಧ ಆಗಲ್ಲ. 18ರ ಒಳಗಿದ್ರೆ ಕಥೆ ಬೇರೆ, 2012ರ ಪೋಕ್ಸೋ, ಅಲ್ಲಿ ಒಪ್ಪಿಗೆ ಅನ್ನೋ ಮಾತೇ ಬರಲ್ಲ. ಹಾರ್ವರ್ಡ್‌ನಲ್ಲಿ 2015ರಲ್ಲಿ ಡಿಗ್ರಿ ಹುಡುಗ ಹುಡುಗೀರ ಜೊತೆ ಪ್ರೊಫೆಸರ್‌ಗಳು ಇಂಥ ಸಂಬಂಧ ಇಟ್ಕೊಳ್ಲೇಬಾರ್ದು ಅಂತ ರೂಲ್ ಮಾಡಿದ್ರು. ನಮ್ಮಲ್ಲೂ ಯುನಿವರ್ಸಿಟಿಗಳನ್ನ ನೋಡ್ಕೊಳ್ಳೋ ಯುಜಿಸಿದು 2015ರ ನಿಯಮಾವಳಿ ಅಂತ ಇದೆ, ಜಾರಿಗೆ ಬಂದಿದ್ದು 2016ರಲ್ಲಿ, ಆದ್ರೆ ಅದು ಲೈಂಗಿಕ ಕಿರುಕುಳದ ಬಗ್ಗೆ. ಮಾರ್ಕ್ಸ್ ಕೊಡ್ತೀನಿ ಅಂತ ಆಸೆ ತೋರ್ಸೋದು, ಕಳೀತೀನಿ ಅಂತ ಹೆದರ್ಸೋದು ಎರಡೂ ಅದರಲ್ಲಿ ಬರುತ್ತೆ. ಕಾಲೇಜಲ್ಲಿ ಆಂತರಿಕ ಸಮಿತಿ ಇರ್ಲೇಬೇಕು, ಅಧ್ಯಕ್ಷೆ ಹೆಂಗಸೇ ಆಗಿರ್ಬೇಕು, ವಿದ್ಯಾರ್ಥಿಗಳ ವಿಷಯ ಆದ್ರೆ ವಿದ್ಯಾರ್ಥಿ ಪ್ರತಿನಿಧಿಗಳೂ ಕೂರ್ತಾರೆ. ದೂರು ಕೊಡಾಕೆ ಘಟನೆಯಿಂದ ಮೂರು ತಿಂಗಳು, ಕಾರಣ ಇದ್ರೆ ಇನ್ನೂ ಮೂರು ತಿಂಗಳು ವಿಸ್ತರಿಸ್ಬಹುದು.

ಈ ಹುಡುಗಿ ಕಿರುಕುಳ ಆಗ್ತಿದೆ ಅಂತ ಹೇಳ್ತಿಲ್ಲ, ನಾನೂ ಹಂಗೆ ಅಂತಿಲ್ಲ. ಆದ್ರೆ ಆ ನಿಯಮದಲ್ಲಿ ಒಂದು ಅಂಶ ನೋಡಿ, ವಿಚಾರಣೆ ನಡೀವಾಗ ಆರೋಪ ಇರೋ ಮೇಷ್ಟ್ರು ದೂರು ಕೊಟ್ಟ ಹುಡುಗಿಯ ಪರೀಕ್ಷೆ, ಪೇಪರ್ ಯಾವುದನ್ನೂ ಮೌಲ್ಯಮಾಪನ ಮಾಡ್ದಂಗೆ ಸಮಿತಿ ತಡೆ ಹಾಕ್ಸ್ಬಹುದು. ಜಗಳ ಆದ್ಮೇಲೆ ಮಾಡೋ ಈ ಕೆಲಸನ ಚೆನ್ನಾಗಿರುವಾಗ್ಲೇ ಮಾಡ್ಕೊಂಡ್ರೆ ಇಬ್ರಿಗೂ ಕ್ಷೇಮ. ಅವರಿಗೂ ಅಂತ ಒತ್ತಿ ಹೇಳ್ತೀನಿ. 2024ರ ಜುಲೈ 1ರಿಂದ ಜಾರಿಗೆ ಬಂದಿರೋ ಭಾರತೀಯ ನ್ಯಾಯ ಸಂಹಿತೇಲಿ 68ನೇ ಕಲಂ ಇದೆ, ಅಧಿಕಾರದ ಜಾಗದಲ್ಲಿರೋನು ಅದನ್ನ ದುರುಪಯೋಗ ಮಾಡ್ಕೊಂಡು ತನ್ನ ಕೈಕೆಳಗಿರೋ ಹೆಣ್ಣನ್ನ ದೈಹಿಕ ಸಂಬಂಧಕ್ಕೆ ಒಲಿಸ್ಕೊಂಡ್ರೆ ಶಿಕ್ಷೆ. 69ರಲ್ಲಿ ಮದುವೆ ಆಗೋ ಮನಸ್ಸಿಲ್ದೇ ಆಗ್ತೀನಿ ಅಂತ ನಂಬ್ಸಿ ದೈಹಿಕ ಸಂಬಂಧ ಬೆಳೆಸಿದ್ರೆ ಶಿಕ್ಷೆ. ಮನೆಯೋರು ಸಿಟ್ಟಲ್ಲಿ ಲಾಯರ್ ಹತ್ರ ಓಡಿದ್ರೆ ಅವರು ಮೊದ್ಲು ಬಿಚ್ಚೋ ಪುಟ ಇದೇ.

ಹಿಂದಿನ_ಬೆಂಚು:
ಎಲ್ರೂ ಆ ಹುಡುಗಿ ಆ ಸಾರ್ ಅಂತಿದೀರ, ಉಳಿದ ಕ್ಲಾಸು? ನಾನು ಎಂ.ಕಾಂ ಮಾಡುವಾಗ ಇದೇ ಥರ ಇತ್ತು, ನನಗೇನೂ ಅವರ ಮೇಲೆ ಕೋಪ ಇಲ್ಲ, ಆದ್ರೆ ಏನಾಗ್ತಿತ್ತು ಅಂದ್ರೆ ಆ ಸಾರ್ ಚೇಂಬರಿಗೆ ಡೌಟ್ ಕೇಳಾಕೆ ಹೋಗಾಕೇ ಮುಜುಗರ, ಒಳಗೆ ಅವಳಿದ್ರೆ ಅಂತ, ಅವಳ ಮುಂದೆ ಆ ಸಾರ್ ಬಗ್ಗೆ ಯಾರೂ ಒಂದ್ ಮಾತಾಡ್ತಿರ್ಲಿಲ್ಲ, ಕೊನೆಗೆ ಅವಳ ಜೊತೆ ಮಾತೇ ನಿಂತೋಯ್ತು, ಹಾಸ್ಟೆಲಲ್ಲಿ ಒಬ್ಳೇ ಕೂತು ಊಟ ಮಾಡೋಳು. ಪೆನ್ಸಿಲ್ ಹಾರ್ಟ್ ಬರೆದೋರು ಕೆಟ್ಟೋರೇ ಇರ್ಬಹುದು. ಆದ್ರೆ ಅವರಿಗೂ ಇಂಟರ್ನಲ್ಸ್ ಹಾಕೋರು ಅದೇ ಸಾರ್ ಅಲ್ವಾ.

ಮೆಕ್ಕೆಜೋಳ:
ಊಟದ ವಿಷಯ ಓದಿ ಗಂಟಲು ಕಟ್ಟಿತು. ಈಗಾಗ್ಲೇ ಹಂಗೇ ಆಗಿದೆ.

ಆದ್ರೆ ನಾನು ಕೇಳಿದ್ದು ಮನೆ ವಿಷಯ. ಅದಕ್ಕೆ ಯಾರೂ ಉತ್ತರ ಕೊಡ್ತಿಲ್ಲ.

ಹೊಳಲ್ಕೆರೆ_ಶಿವು:
ಮನೆ ವಿಷಯ ನಾನ್ ಹೇಳ್ತೀನಿ. ನಮ್ಮ ಕಡೆ ಅರ್ಧ ಮನೆ ಗೋಡೆ ಮೇಲೆ ಬಸವಣ್ಣನ ಫೋಟೋ ಐತೆ, ಮಧುವರಸ ಮಗಳನ್ನ ಹರಳಯ್ಯನ ಮಗನಿಗೆ ಕೊಟ್ಟಿದ್ದಕ್ಕೇ ಕಲ್ಯಾಣ ಹೊತ್ತಿ ಉರೀತು ಅಂತ ಭಾಷಣ ಮಾಡ್ಸೋದೂ ನಾವೇ, ನಮ್ ಮನೆ ಹುಡುಗಿ ಬೇರೆ ಜಾತಿಯೋನ ಬೈಕ್ ಹತ್ತಿದ್ರೆ ಕುಲಸ್ಥರನ್ನ ಸೇರ್ಸೋದೂ ನಾವೇ. ನಂದೂ ಅಂತರ್ಜಾತಿ ಮದ್ವೆ, ಅನುಭವದಿಂದ ಹೇಳ್ತೀನಿ, ಅಪ್ಪನ ಹತ್ರ ನೀನೇ ಮೊದ್ಲು ಹೋಗ್ಬೇಡ. ಚಿಕ್ಕಪ್ಪನೋ ಸೋದರಮಾವನೋ ಯಾರು ನಿಂಗೆ ಸಲುಗೆನೋ ಅವರ ಕಿವಿಗೆ ಹಾಕು. ಅಪ್ಪನ ಮೊದಲನೇ ಸಿಟ್ಟು ಅವರ ಮೇಲೆ ಹೋಗ್ಲಿ.

ಕಪ್ಪುಕೋಟು:
ಇದಕ್ಕೆ ಸೇರ್ಸಿ ಹೇಳ್ತೀನಿ. ಇಬ್ರೂ ಹಿಂದೂಗಳಾದ್ರೆ ಜಾತಿ ಬೇರೆ ಇದ್ರೂ 1955ರ ಹಿಂದೂ ವಿವಾಹ ಕಾಯ್ದೆಯಲ್ಲೇ ಆಗುತ್ತೆ. 1954ರ ವಿಶೇಷ ವಿವಾಹ ಕಾಯ್ದೆಗೆ ಹೋದ್ರೆ 30 ದಿನದ ನೋಟಿಸ್, ಕಚೇರೀಲಿ ಅಂಟಿಸ್ತಾರೆ, ಊರೋರ ಕಣ್ಣಿಗೆ ಬೀಳೋದು ಅಲ್ಲೇ. ಜೀವಕ್ಕೆ ಬೆದರಿಕೆ ಬಂದ್ರೆ 2018ರಲ್ಲಿ ಶಕ್ತಿ ವಾಹಿನಿ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಪೊಲೀಸ್ನೋರು ರಕ್ಷಣೆ ಕೊಡ್ಲೇಬೇಕು.

ಮಗಳ_ಅಪ್ಪ:
ನಾನು ಚನ್ನಗಿರಿ ಕಡೆಯವನು, ನನ್ನ ಮಗಳೂ ದಾವಣಗೆರೇಲಿ ಹಾಸ್ಟೆಲಲ್ಲಿದಾಳೆ. ನಿನ್ನಪ್ಪನ ಜಾಗದಲ್ಲಿ ನಿಂತು ಬರೀತಿದೀನಿ ತಾಯಿ. ಜಾತಿ ನನಗೂ ಕಷ್ಟನೇ, ಸುಳ್ಳು ಹೇಳಲ್ಲ. ಆದ್ರೆ ಅದಕ್ಕಿಂತ ಜೋರಾಗಿ ತಾಗೋದು ಓದಾಕೆ ಕಳಿಸಿದ್ದೆ ಅನ್ನೋದು. ಮೇಷ್ಟ್ರು ಇದಾರೆ ಅಂತ ಧೈರ್ಯದಲ್ಲಿ ಬಿಟ್ಟು ಬಂದಿರ್ತೀವಿ. ಆ ಮೇಷ್ಟ್ರೇ ಅಂದ್ರೆ ಊರಲ್ಲಿ ನಿನ್ನೊಬ್ಬಳ ಮಾತಾಗಿ ಉಳಿಯಲ್ಲ. ಹಳ್ಳೀಲಿ ಮುಂದಿನ ವರ್ಷ ಎಷ್ಟು ಹುಡುಗೀರ ಅಡ್ಮಿಷನ್ ನಿಲ್ಲುತ್ತೆ ಅಂತ ಯೋಚ್ನೆ ಮಾಡಿದೀಯಾ. ಹಿಂದೆ ತಂಗಿ ಗಿಂಗಿ ಇದಾಳಾ?

ಮೆಕ್ಕೆಜೋಳ:
ಇದಾಳೆ. ಸೆಕೆಂಡ್ ಪಿಯುಸಿ.

ಪಿಬಿ_ರೋಡ್_ಪುಟ್ಟಿ:
ಅಂಕಲ್, ನಿಮ್ ಸಂಕಟ ಅರ್ಥ ಆಗುತ್ತೆ, ಆದ್ರೆ ಊರಿನ ಹುಡುಗೀರ ಅಡ್ಮಿಷನ್ನಿನ ಭಾರನೂ ಇವಳ ತಲೆ ಮೇಲೆ ಹಾಕ್ಬೇಡಿ. ನಿಲ್ಸೋರು ಅಪ್ಪಂದ್ರು. ಆ ಸಾರ್ ಯೋಚ್ನೆ ಮಾಡ್ಬೇಕಿತ್ತು ಇದನ್ನ, ಅವರನ್ನ ಯಾರೂ ಕೇಳ್ತಾನೇ ಇಲ್ಲ ನೋಡಿ. ಮಾರ್ಕ್ಸ್ ಹೋಗಿದ್ದು ಇವಳ್ದು, ಒಬ್ಳೇ ಊಟ ಮಾಡ್ತಿರೋದು ಇವಳು, ತಂಗಿ ಓದು ನಿಲ್ಲೋದೂ ಇವಳ ಮನೇದು. ಅವರ್ದು ಇಲ್ಲೀವರೆಗೆ ಏನಾದ್ರೂ ಹೋಗಿದ್ಯಾ?

ಮಗಳ_ಅಪ್ಪ:
ಈ ಮಾತು ಒಪ್ಪಬೇಕಾದ್ದೇ.

ಮೆಕ್ಕೆಜೋಳ:
ಎರಡು ದಿನ ಇಲ್ಲಿ ಬರ್ಲಿಲ್ಲ, ಅಳ್ತಿದ್ದೆ, ಕೋಪನೂ ಬಂದಿತ್ತು ನಿಮ್ಮೆಲ್ರ ಮೇಲೆ. ಆಮೇಲೆ ಅವರನ್ನ ಕೇಳೇ ಬಿಟ್ಟೆ, ಗೈಡ್ ಬದಲಾಯಿಸ್ಕೊಳ್ತೀನಿ, ನೀವೇ ಎಚ್‌ಒಡಿ ಮೇಡಂ ಹತ್ರ ಹೇಳಿ ಅಂತ. ಮೊದ್ಲು ಏನೂ ಮಾತಾಡ್ಲಿಲ್ಲ. ಆಮೇಲೆ "ನನ್ ಮೇಲೆ ನಂಬಿಕೆ ಇಲ್ವಾ" ಅಂದ್ರು. ನಂಬಿಕೆ ಪ್ರಶ್ನೆ ಅಲ್ಲ ಅಂದೆ. "ಮೇಡಂ ಯಾಕೆ ಅಂತ ಕೇಳಿದ್ರೆ ನಾನೇನ್ ಹೇಳ್ಲಿ, ನನ್ ಪ್ರೊಮೋಷನ್ ಫೈಲ್ ಇದೆ ಈಗ" ಅಂದ್ರು. ರಾತ್ರಿ ಮೆಸೇಜ್ ಹಾಕಿದ್ರು, ನೀನೇ ಅರ್ಜಿ ಕೊಡು, ನಾನು ಅಡ್ಡ ಬರಲ್ಲ, ಸೈನ್ ಹಾಕ್ತೀನಿ ಅಂತ.

ಹಿಂದಿನ_ಬೆಂಚು:
ಪ್ರೊಮೋಷನ್ ಫೈಲ್ 🙏

ದುರ್ಗದ_ಹೈದ:
ಅಡ್ಡ ಬರಲ್ಲ ಅಂದಿದಾರಲ್ಲ, ಅದೂ ಒಂದು ಲೆಕ್ಕನೇ. ಭಯ ಯಾರಿಗಿಲ್ಲ. ಆದ್ರೂ ಹುಡುಗಿ ಕೈಲಿ ಅರ್ಜಿ ಕೊಡ್ಸೋದು ಯಾಕೋ ನಂಗೂ ಸರಿ ಕಾಣ್ಲಿಲ್ಲ ಈಗ.

ಸುಮಕ್ಕ_ಹರಿಹರ:
ಕೆಟ್ಟೋರು ಅಂತ ನಾನು ಹೇಳಲ್ಲಮ್ಮ. ಹೆದರಿದಾರೆ. ಹೆದರಿದೋರ ಜೊತೆ ಸಂಸಾರ ಮಾಡ್ಬಹುದು, ಆದ್ರೆ ಮುಂದೆ ಯಾವ ಅರ್ಜಿ ಬಂದ್ರೂ ನೀನೇ ಕೊಡು ಅಂತಾರೆ, ನಿಮ್ಮಪ್ಪನ ಮುಂದೂ ನಿನ್ನನ್ನೇ ಮೊದ್ಲು ನಿಲ್ಲಿಸ್ತಾರೆ, ಅದನ್ನ ಈಗ್ಲೇ ಲೆಕ್ಕಕ್ಕೆ ಹಿಡಿ. ಮದುವೆ ಮಾತು ರಿಸಲ್ಟ್ ಬರೋವರೆಗೆ ಎತ್ಲೇಬೇಡ, ಗಂಡಿನ ಕಡೆಯೋರಿಗೆ ಲೆಕ್ಚರರ್ ಅರ್ಹತೆಯ ನೆಟ್ ಎಕ್ಸಾಂ ಬರೀಬೇಕು ಅಂತ ಹೇಳ್ಸು, ಅದು ಸುಳ್ಳೂ ಅಲ್ಲ ತಾನೆ. ರಿಸಲ್ಟ್ ಬಂದ್ಮೇಲೆ ಅವರು ಬಂದು ನಿಮ್ಮಪ್ಪನ ಮುಂದೆ ಕೂತು ಕೇಳ್ಲಿ, ಕೇಳ್ತಾರೋ ಇಲ್ವೋ ನೋಡು.

ಮೆಕ್ಕೆಜೋಳ:
ಸರಿ ಅಕ್ಕ. ಅರ್ಜಿ ಕೊಡ್ತೀನಿ. ಆದ್ರೆ ಒಂದು ಭಯ, ಆ ಶಾಸನ ಓದಾಕೆ ನಂಗೆ ಅವರನ್ನ ಬಿಟ್ರೆ ಬೇರೆ ಗತಿ ಇಲ್ಲ. ಮೇಡಂ ಸ್ಪೆಷಲೈಸೇಷನ್ ಮಾಡರ್ನ್ ಇಂಡಿಯಾ.

ಅತಿಥಿ_ಉಪನ್ಯಾಸಕ_77:
ಅಯ್ಯೋ ಇದಕ್ಕಾ ಹೆದರಿರೋದು! ನಮ್ಮ ಶಾಸನಗಳನ್ನೆಲ್ಲ ಅಚ್ಚು ಹಾಕ್ಸಿರೋ ಎಪಿಗ್ರಾಫಿಯಾ ಕರ್ನಾಟಿಕಾ 11ನೇ ಸಂಪುಟ ತೆಗಿ, ಬಿ.ಎಲ್. ರೈಸ್ ಸಂಪಾದಿಸಿದ್ದು. ದಾವಣಗೆರೆ ಅಂತ ಹುಡುಕ್ಬೇಡ ಸಿಗಲ್ಲ, ನಮ್ದು ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ, ಅದರಲ್ಲಿ ಚಿತ್ರದುರ್ಗ ಜಿಲ್ಲೆ ಅಂತಿರುತ್ತೆ, ಒಳಗೆ ದಾವಣಗೆರೆ ತಾಲೂಕು ನೋಡು, ಹರಿಹರದ್ದು ಅಲ್ಲೇ ಇದೆ. ಪಾಠ ಕನ್ನಡ ಲಿಪೀಲೇ ಕೊಟ್ಟಿದಾರೆ, ಇಂಗ್ಲಿಷ್ ಅನುವಾದನೂ ಇದೆ. ಲೈಬ್ರರೀಲಿ ಇಲ್ದಿದ್ರೆ ಸ್ಕ್ಯಾನ್ ಪ್ರತಿ ನೆಟ್ಟಲ್ಲಿ ಸಿಗುತ್ತೆ. ಪಕ್ಕದಲ್ಲಿಟ್ಕೊಂಡು ಕಲ್ಲಿನ ಫೋಟೋ ಜೊತೆ ತಾಳೆ ನೋಡ್ತಾ ಹೋದ್ರೆ ಅಕ್ಷರ ತಾನಾಗೇ ಹತ್ತುತ್ತೆ. ತಡಕಾಡಿದ್ರೆ ಇಲ್ಲಿ ಹಾಕು, ನಾನೂ ಹಿಸ್ಟರಿನೇ.

ಮೆಕ್ಕೆಜೋಳ:
ಥ್ಯಾಂಕ್ಯೂ ಸಾರ್. ಅರ್ಜೀಲಿ ಕಾರಣ ಏನ್ ಬರೀಲಿ?

ಕಪ್ಪುಕೋಟು:
ವೈಯಕ್ತಿಕ ಕಾರಣ ಅಂತ ಬರಿ, ಅಷ್ಟೇ ಸಾಕು. ಸುಳ್ಳು ಕಾರಣ ಮಾತ್ರ ಹಾಕ್ಬೇಡ, ನಾಳೆ ಮದುವೆ ಆದ್ರೆ ಯಾರಾದ್ರೂ ಇದೇ ಕಾಗದ ಎತ್ಕೊಂಡು ಬರ್ತಾರೆ. ಎರಡು ಪ್ರತಿ ಮಾಡು, ಒಂದರ ಮೇಲೆ ಆಫೀಸಿನ ಸ್ವೀಕೃತಿ ಸೀಲು ಹಾಕ್ಸ್ಕೊಂಡು ನಿನ್ ಹತ್ರ ಇಟ್ಕೊ. ಇಂಟರ್ನಲ್ಸ್ 14 ಯಾಕೆ ಅಂತನೂ ಪೇಪರ್ ತೋರ್ಸಿ ಅಂತ ಕೇಳ್ಬಹುದು, ಅದು ನಿನ್ನಿಷ್ಟ.

ಮೆಕ್ಕೆಜೋಳ:
ಅದು ಬೇಡ. ಸದ್ಯಕ್ಕೆ ಬೇಡ.

ಪಿಬಿ_ರೋಡ್_ಪುಟ್ಟಿ:
ನಾಲ್ಕು ಮಾರ್ಕ್ಸ್ ಕಣೇ!! ಸರಿ ಬಿಡು, ನಿನ್ನಿಷ್ಟ. ಮೇಡಂ ಯಾವಾಗ ಸಿಗ್ತಾರೆ?

ಮೆಕ್ಕೆಜೋಳ:
ಶುಕ್ರವಾರ ಬೋರ್ಡ್ ಮೀಟಿಂಗು, ಇರಲ್ಲ. ಗುರುವಾರ ಫಸ್ಟ್ ಅವರ್ ಅವರದ್ದೇ ಕ್ಲಾಸ್ ಇದೆ.

ಪಿಬಿ_ರೋಡ್_ಪುಟ್ಟಿ:
ಹಂಗಾದ್ರೆ ಕ್ಲಾಸ್ ಮುಗೀತಿದ್ದಂಗೆ ಹಿಂದೇನೇ ಹೋಗು, ಸ್ಟಾಫ್ ರೂಮಲ್ಲಿ ಎಲ್ರ ಮುಂದೆ ಕೊಡ್ಬೇಡ. ಊಟಕ್ಕೆ ಒಬ್ಳೇ ಕೂರ್ಬೇಡ ಅವತ್ತು, ಮೆಸೇಜ್ ಹಾಕು, ನಮ್ ಆಫೀಸ್ ಗುಂಡಿ ಸರ್ಕಲ್ ಹತ್ರನೇ ಇರೋದು.